ಎಂಟು ದೀಪ ಹತ್ತಿದರೆ ಸಾಲದು

ಇವತ್ತಿನ ಮಾತು ಸಾಹಿತ್ಯದ್ದಲ್ಲ, ಸಂಗೀತದ್ದಲ್ಲ, ತಂತಿಯದ್ದು. ನೀವು ಈ ರೇಡಿಯೋ ಕೇಳುತ್ತಿರುವಾಗ ಹಾಡು ನಡುವೆಯೇ ನಿಂತು, ಗಿರಗಿರ ಸುತ್ತುವ ಚಕ್ರ ಕಾಣಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಗುವುದುಂಟಲ್ಲ? ಆಗ ನೀವು ಬೈಯುವುದು ನಮ್ಮನ್ನೋ, ಇಲ್ಲ ಇಂಟರ್‌ನೆಟ್ ಕಂಪನಿಯನ್ನೋ. ಬಹಳ ಸಲ ತಪ್ಪು ಇಬ್ಬರದೂ ಅಲ್ಲ. ನಿಮ್ಮ ಹಾಲಿನಿಂದ ಒಳಗಿನ ಕೋಣೆಯವರೆಗಿನ ಹದಿನೈದು ಮೀಟರಿನದು.

ದುಬೈ, ಅಬುಧಾಬಿಗಳಲ್ಲಿ ಎತಿಸಲಾತ್ ಆಗಲಿ ದು ಆಗಲಿ ಮನೆ ಬಾಗಿಲವರೆಗೆ ಗಾಜಿನ ಎಳೆಯನ್ನೇ, ಅಂದರೆ ಫೈಬರನ್ನೇ ತಂದು ಬಿಡುತ್ತವೆ. ಅಲ್ಲಿಯವರೆಗೆ ರಾಜಮಾರ್ಗ. ಅಲ್ಲಿಂದ ಮುಂದೆ ವೈಫೈ. ನಮ್ಮ ಕಟ್ಟಡಗಳ ಕಂಬ, ಸ್ಲ್ಯಾಬ್ ಎಲ್ಲ ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು. ಗೋಡೆಯೊಳಗೆ ಕೂರಿಸಿದ ಕಪಾಟು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ, ಮೇಲೆ ತಗಡಿನ ಎಸಿ ಡಕ್ಟು. ಅದರ ಮೇಲೆ ಅಕ್ಕಪಕ್ಕದ ಹತ್ತಿಪ್ಪತ್ತು ಫ್ಲ್ಯಾಟುಗಳ ವೈಫೈ ಬೇರೆ. ಒಳಕೋಣೆಗೆ ತಲುಪುವ ಹೊತ್ತಿಗೆ ರಾಜಮಾರ್ಗ ಕಾಲುದಾರಿ ಆಗಿರುತ್ತದೆ.

ಊರಿನಲ್ಲಿರುವ ಅಮ್ಮನ ಮುಖ ನೋಡುವುದು ಇದೇ ಕಾಲುದಾರಿಯಲ್ಲಿ. ವಾಟ್ಸಾಪ್ ಕರೆ ಇಲ್ಲಿ ಸಾಮಾನ್ಯವಾಗಿ ಹೋಗುವುದಿಲ್ಲ, ಬೋಟಿಮ್‌ನಂಥ ಅನುಮತಿ ಇರುವ ಆ್ಯಪಿನಲ್ಲಿ ಮಾಡಬೇಕು. ಆಕೆ "ಮಗಾ, ಡಾಕ್ಟ್ರು ಏನು ಹೇಳಿದ್ರು ಅಂದ್ರೆ" ಎನ್ನುವಷ್ಟರಲ್ಲಿ ಬಾಯಿ ತೆರೆದಂತೆಯೇ ಚಿತ್ರ ನಿಂತುಬಿಟ್ಟರೆ ಇಲ್ಲಿ ಕೂತವನ ಎದೆ ಹೇಗಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಕೇಬಲ್ ಕೆಲಸಕ್ಕೆ ಕೈ ಹಾಕಿದ್ದು 2020ರಲ್ಲಿ. ಆ ಮಾರ್ಚಿನಲ್ಲಿ ಶಾಲೆಗಳೆಲ್ಲ ಮನೆಗೆ ಬಂದವು. ಝೂಮ್, ಟೀಮ್ಸ್‌ಗಳಿಗೆ ಇಲ್ಲಿ ಅನುಮತಿ ಸಿಕ್ಕಿತು. ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು ಎರಡು ಕೋಣೆಯಲ್ಲಿ ತರಗತಿಗೆ, ನಾನು ಅಡುಗೆಮನೆಯ ಮೂಲೆಯಲ್ಲಿ ಆಫೀಸಿಗೆ. ದೊಡ್ಡವಳ ಕೋಣೆ ತೀರಾ ಕೊನೆಯದು. ಹಾಜರಿ ಕರೆದಾಗ ಅವಳು "ಪ್ರೆಸೆಂಟ್" ಅಂದದ್ದು ಟೀಚರಿಗೆ ಕೇಳಿಸುತ್ತಿರಲಿಲ್ಲ. ಒಂದು ವಾರದಲ್ಲಿ ಮೂರು ದಿನ ಗೈರುಹಾಜರಿ ಬಿತ್ತು. ಯೂಟ್ಯೂಬ್ ನೋಡಿ ನಾನೇ ಕೇಬಲ್ ಎಳೆದೆ, ತುದಿಗೆ ಪ್ಲಗ್ ಒತ್ತಿದೆ. ಟೆಸ್ಟರ್ ಹಾಕಿದರೆ ಒಂದರಿಂದ ಎಂಟರವರೆಗೆ ಎಲ್ಲ ಹಸಿರು ದೀಪವೂ ವರಸೆಯಾಗಿ ಹತ್ತಿದವು. ಹೆಮ್ಮೆಯಿಂದ ಹೆಂಡತಿಯನ್ನು ಕರೆದು ತೋರಿಸಿದೆ ಕೂಡ. ಆದರೆ ಸಂಪರ್ಕ ಮೊದಲಿಗಿಂತ ಕೆಟ್ಟದಾಯಿತು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.

ಸುಮಾರು ಎರಡು ತಿಂಗಳು ರೌಟರನ್ನು ಬೈದುಕೊಂಡೇ ಕಳೆದೆ. ಆಮೇಲೆ ಪುತ್ತೂರು ಕಡೆಯ ಒಬ್ಬ ಹುಡುಗ ಮನೆಗೆ ಬಂದಿದ್ದ, ಕಟ್ಟಡಗಳಲ್ಲಿ ಕೇಬಲ್ ಎಳೆಯುವ ಕೆಲಸದವನು. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಗಲ್ಫಿನ ಮೊದಲ ಸಂಬಳ ಬಂದದ್ದು ಇದೇ 'ಕೇಬಲ್ ಪುಲ್ಲಿಂಗ್'ನಿಂದ. ಚಹಾ ಲೋಟ ಕೆಳಗಿಟ್ಟು ಪ್ಲಗ್ಗನ್ನು ಕಣ್ಣ ಹತ್ತಿರ ಹಿಡಿದು ನೋಡಿ ನಕ್ಕ. "ದೀಪ ಎಂಟೂ ಉಂಟು ಅಣ್ಣ, ಜೋಡಿ ಇಲ್ಲ."

ಅವನ ಆ ಒಂದು ಮಾತನ್ನು ಬಿಡಿಸಿ ಹೇಳಿದರೆ ಇವತ್ತಿನ ಅರ್ಧ ಮಾತು ಮುಗಿಯಿತು.

ನೆಟ್‌ವರ್ಕ್ ಕೇಬಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ತಂತಿ. ಎಂಟು ಒಂಟಿಗಳಲ್ಲ, ನಾಲ್ಕು ಜೋಡಿಗಳು. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣದ ತಂತಿಯ ಜೊತೆಗೆ ಅದೇ ಬಣ್ಣದ ಪಟ್ಟೆ ಇರುವ ಒಂದು ಬಿಳಿ ತಂತಿ. ಎರಡನ್ನೂ ಕತ್ತದ ಹಗ್ಗದ ಹಾಗೆ ಒಂದಕ್ಕೊಂದು ಹೊಸೆದಿರುತ್ತಾರೆ. ಈ ಹೊಸೆತ ಚಂದಕ್ಕಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ಒಂದೇ ಸಂಕೇತವನ್ನು ಜೋಡಿಯ ಎರಡೂ ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಕಳಿಸುತ್ತಾರೆ. ಆ ಕಡೆಯ ಯಂತ್ರ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಶಿರಾಡಿ ಘಾಟಿಯ ಬಸ್ಸಿನಲ್ಲಿ ಇಬ್ಬರು ಒಂದೇ ಸೀಟಿನಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಹೊಂಡ ಬಂದರೆ ಇಬ್ಬರೂ ಒಟ್ಟಿಗೇ ಎಗರುತ್ತಾರೆ. ಒಬ್ಬನಿಗಿಂತ ಇನ್ನೊಬ್ಬ ಎಷ್ಟು ಎತ್ತರ ಎನ್ನುವ ಲೆಕ್ಕ ಮಾತ್ರ ಬದಲಾಗುವುದಿಲ್ಲ. ಹಾಗೆಯೇ ಎಸಿಯಿಂದಲೋ, ಕರೆಂಟಿನ ವೈರಿನಿಂದಲೋ, ಪಕ್ಕದ ಜೋಡಿಯಿಂದಲೋ ಬಂದ ಗಲಾಟೆ ಹೊಸೆದ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುತ್ತದೆ, ಕಳೆದಾಗ ಸೊನ್ನೆಯಾಗುತ್ತದೆ. ನಾಲ್ಕು ಜೋಡಿಗಳನ್ನು ಒಂದೇ ಬಿಗಿಯಲ್ಲಿ ಹೊಸೆದಿರುವುದಿಲ್ಲ, ಗಮನಿಸಿ ನೋಡಿ. ಒಂದರ ಸುತ್ತು ಹತ್ತಿರ, ಇನ್ನೊಂದರದು ದೂರ. ಒಂದು ಜೋಡಿಯ ಮಾತು ಇನ್ನೊಂದಕ್ಕೆ ಕೇಳಿಸದಿರಲಿ ಎಂದು.

ಈಗ ನನ್ನ ತಪ್ಪು. ನಾನು ತಂತಿಗಳನ್ನು ಬಣ್ಣದ ಪ್ರಕಾರ ಅಚ್ಚುಕಟ್ಟಾಗಿ ಸಾಲು ಹಿಡಿಸಿದ್ದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡಲು ಎಷ್ಟು ನೇರ! ಎರಡೂ ತುದಿಗೆ ಹಾಗೇ ಮಾಡಿದ್ದರಿಂದ ಒಂದರ ತಂತಿ ಒಂದಕ್ಕೆ, ಎರಡರದು ಎರಡಕ್ಕೆ ಮುಟ್ಟಿತು, ದೀಪಗಳು ಹತ್ತಿದವು. ಆದರೆ ಯಂತ್ರ ಜೋಡಿ ಎಂದು ಲೆಕ್ಕ ಹಿಡಿಯುವುದು 1-2, 3-6, 4-5, 7-8. ನನ್ನ ಕೇಬಲಿನಲ್ಲಿ 3ರಲ್ಲಿದ್ದದ್ದು ಹಸಿರಿನ ಜೊತೆಗಾರ, 6ರಲ್ಲಿದ್ದದ್ದು ನೀಲಿ. ಒಂದು ಸಂಕೇತದ ಎರಡು ಭಾಗಗಳು ಬೇರೆ ಬೇರೆ ಹೊಸೆತದಲ್ಲಿ ಓಡುತ್ತಿದ್ದವು. ಬಸ್ಸಿನ ಲೆಕ್ಕದಲ್ಲಿ ಒಬ್ಬ ಈ ಬಸ್ಸಿನಲ್ಲಿ, ಇನ್ನೊಬ್ಬ ಹಿಂದಿನ ಬಸ್ಸಿನಲ್ಲಿ. ಇದಕ್ಕೆ 'ಸ್ಪ್ಲಿಟ್ ಪೇರ್' ಎನ್ನುತ್ತಾರೆ. ಅಗ್ಗದ ದೀಪದ ಟೆಸ್ಟರಿಗೆ ಇದು ಕಾಣುವುದಿಲ್ಲ, ಅದು ನೋಡುವುದು ತಂತಿ ಮುಟ್ಟಿದೆಯೋ ಇಲ್ಲವೋ ಎಂದಷ್ಟೇ.

ಮೂರಕ್ಕೆ ಆರು ಜೋಡಿ ಎಂಬ ವಿಚಿತ್ರ ಯಾಕೆ ಎಂದು ನೀವು ಕೇಳಬಹುದು. ಇದು ಟೆಲಿಫೋನಿನ ಹಳೆಯ ಬಳುವಳಿ. ಅಮೆರಿಕದ ಟೆಲಿಫೋನ್ ವೈರಿಂಗಿನಲ್ಲಿ ಮೊದಲ ಜೋಡಿ ನಟ್ಟ ನಡುವೆ, ಎರಡನೆಯದು ಅದರ ಆಚೀಚೆ. ಅದನ್ನು ಕೆಡಿಸಬಾರದೆಂದು ಕಂಪ್ಯೂಟರಿನವರು 4-5 ಅನ್ನು ನಡುವೆ ಬಿಟ್ಟು 3-6 ಅನ್ನು ಅದರ ಎರಡು ಮಗ್ಗುಲಿಗೆ ಇಟ್ಟರು.

ಆದ್ದರಿಂದ ಸರಿಯಾದ ಸಾಲು ಇದು, ಬರೆದಿಟ್ಟುಕೊಳ್ಳಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದರ ಹೆಸರು ಟಿ568ಬಿ. ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಅದಲುಬದಲು ಮಾಡಿದರೆ ಟಿ568ಎ. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಬೇಡ, ಎರಡೂ ಒಂದೇ. ಎರಡೂ ತುದಿಗೆ ಒಂದೇ ಕ್ರಮ ಹಾಕಿದರಾಯಿತು. ಗೋಡೆಯ ಸಾಕೆಟಿನಲ್ಲಿ ಈಗಾಗಲೇ ಯಾವುದಿದೆ ಎಂದು ನೋಡಿ ಅದನ್ನೇ ಅನುಸರಿಸಿ. ಸಾಕೆಟಿನ ಬೆನ್ನಿಗೆ ಎ, ಬಿ ಎರಡರ ಬಣ್ಣದ ಗುರುತೂ ಅಂಟಿಸಿರುತ್ತಾರೆ.

ಸಾಕೆಟಿನ ಮಾತು ಬಂತು. ಸಾಮಾನು ತರಲು ಬರ್‌ದುಬೈಗೆ ಓಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮದು ಹೊಸ ಕಟ್ಟಡವಾದರೆ ಬಾಗಿಲ ಹತ್ತಿರವೋ ಸ್ಟೋರ್ ರೂಮಿನಲ್ಲೋ ಗೋಡೆಯೊಳಗೆ ಒಂದು ತಗಡಿನ ಡಬ್ಬಿ ಇರುತ್ತದೆ. ಅಲ್ಲಿಂದ ಒಂದೊಂದು ಕೋಣೆಗೂ ಕ್ಯಾಟ್ 6 ಕೇಬಲನ್ನು ಕಟ್ಟುವಾಗಲೇ ಎಳೆದಿರುವುದು ಇಲ್ಲಿ ಸಾಮಾನ್ಯ. ಟಿವಿ ಹಿಂದಿನ ಸಾಕೆಟಿಗೆ ಏನು ಚುಚ್ಚಿದರೂ ಏನೂ ಬರುವುದಿಲ್ಲ ಎಂದು ವರ್ಷಗಟ್ಟಲೆ ಬಿಟ್ಟವರಿದ್ದಾರೆ. ಡಬ್ಬಿಯ ಕಡೆಯ ತುದಿಯನ್ನು ಯಾರೂ ರೌಟರಿಗೆ ಸೇರಿಸಿಲ್ಲ, ಅಷ್ಟೇ. ಅರ್ಧ ಮೀಟರಿನ ಒಂದು ತಯಾರಿ ಪ್ಯಾಚ್ ಕೇಬಲಿನಿಂದ ಕೆಲಸ ಮುಗಿಯಬಹುದು. ಕರಾಮ, ದೇರಾ, ಅಬುಧಾಬಿಯ ಇಲೆಕ್ಟ್ರಾ ರಸ್ತೆಯ ಹಳೆಯ ಕಟ್ಟಡಗಳಲ್ಲಿ ಈ ಭಾಗ್ಯ ಕಡಿಮೆ. ಅಲ್ಲಿನ ಸಾಕೆಟಿನೊಳಗೆ ಟೆಲಿಫೋನಿನ ಸಪೂರ ತಂತಿ ಇದ್ದರೆ ಅದರಿಂದ ನೆಟ್‌ವರ್ಕ್ ಕೆಲಸ ಆಗದು. ನಾವೇ ಎಳೆಯಬೇಕು.

ಡಬ್ಬಿ ತೆರೆದಾಗ ಸಪೂರದ ಫೈಬರ್ ಎಳೆ ಕಂಡರೆ ಮುಟ್ಟಬೇಡಿ. ಅದು ಕಂಪನಿಯ ಸೊತ್ತು. ಗಾಜು, ಬಗ್ಗಿಸಿದರೆ ಮುರಿಯುತ್ತದೆ. ಬಿಚ್ಚಿದ ತುದಿಯನ್ನು ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ, ಒಳಗೆ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಇನ್ನು ಅಂಗಡಿ. ಬರ್‌ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯನ್ನು ನಮ್ಮವರು ಕಂಪ್ಯೂಟರ್ ಸ್ಟ್ರೀಟ್ ಎಂದೇ ಕರೆಯುವುದು. ಅಲ್ಲಿ ಕೇಬಲ್ ಮೀಟರ್ ಲೆಕ್ಕದಲ್ಲೂ ಸಿಗುತ್ತದೆ, 305 ಮೀಟರಿನ ಪೆಟ್ಟಿಗೆಯಲ್ಲೂ ಸಿಗುತ್ತದೆ. 305 ಎಂದರೆ ಸಾವಿರ ಅಡಿ. ಒಂದು ಫ್ಲ್ಯಾಟಿಗೆ ಪೆಟ್ಟಿಗೆ ಬೇಡ. ಇಬ್ಬರು ಮೂವರು ಸ್ನೇಹಿತರು ಸೇರಿದರೆ ಪರವಾಗಿಲ್ಲ.

ಇಲ್ಲಿ ಒಂದು ಮೋಸ ಇದೆ, ಸ್ವಲ್ಪ ನಿಂತು ಹೇಳುತ್ತೇನೆ. ಒಂದು ಪೆಟ್ಟಿಗೆ ತುಂಬಾ ಅಗ್ಗ ಎನಿಸಿದರೆ ಅದರ ಮೇಲೆ ಸಣ್ಣ ಅಕ್ಷರದಲ್ಲಿ ಸಿಸಿಎ ಎಂದಿದೆಯೇ ನೋಡಿ. ಅಂದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಕೆಲವು ಪೆಟ್ಟಿಗೆಯಲ್ಲಿ ಬರೆದೂ ಇರುವುದಿಲ್ಲ. ಎರಡು ಪೆಟ್ಟಿಗೆ ಎತ್ತಿ ನೋಡಿದರೆ ಕೈಗೇ ತಿಳಿಯುತ್ತದೆ, ಅಲ್ಯೂಮಿನಿಯಂನದು ಹಗುರ. ಬ್ಲೇಡಿನಿಂದ ತಂತಿಯನ್ನು ಕೆರೆದರೆ ಒಳಗೆ ಬೆಳ್ಳಿಯ ಬಣ್ಣ ಕಂಡರೆ ಮುಗಿಯಿತು. ಇದರ ವಿದ್ಯುತ್ ತಡೆ ತಾಮ್ರದ ಒಂದೂವರೆ ಪಟ್ಟು ದಾಟುತ್ತದೆ. ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಮೇಲೆ ಕ್ಯಾಟ್ 6 ಎಂದು ಎಷ್ಟು ದೊಡ್ಡದಾಗಿ ಅಚ್ಚು ಹಾಕಿದರೂ ಕ್ಯಾಟ್ 6ರ ನಿಯಮ ಒಪ್ಪುವುದು ತಾಮ್ರವನ್ನು ಮಾತ್ರ. ವಿಲ್ಲಾದವರು ಮನೆಯ ಹೊರಗೆ ಕ್ಯಾಮೆರಾ ಹಾಕಿಸುತ್ತಾರಲ್ಲ, ಅದಕ್ಕೆ ಕರೆಂಟೂ ಇದೇ ಕೇಬಲಿನಲ್ಲಿ ಹೋಗುತ್ತದೆ. ಆಗಸ್ಟ್ ತಿಂಗಳ ತಾರಸಿಯ ಬಿಸಿಲಿನಲ್ಲಿ ತಡೆ ಹೆಚ್ಚಿರುವ ತಂತಿಯಲ್ಲಿ ಕರೆಂಟ್ ಓಡಿಸುವುದು ಕ್ಯಾಮೆರಾ ಕೆಡುವುದಕ್ಕಿಂತ ದೊಡ್ಡ ಅಪಾಯ, ತಂತಿ ಕಾಯುತ್ತದೆ. ಹೊರಗೆ ಹಾಕುವುದಾದರೆ ಬಿಸಿಲು ತಡೆಯುವ ಹೊರಾಂಗಣದ ಕೇಬಲನ್ನೇ ಕೇಳಿ ತನ್ನಿ. ಒಳಗಿನದರ ಹೊದಿಕೆ ಈ ಬಿಸಿಲಿಗೆ ಹಪ್ಪಳದಂತೆ ಒಡೆಯುತ್ತದೆ.

ಕ್ಯಾಟ್ 5ಇ, 6, 6ಎ ಎಂಬ ಅಂಕಿಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 5ಇ ಕೇಬಲಿನಲ್ಲೇ ಗಿಗಾಬಿಟ್ ವೇಗ 100 ಮೀಟರ್ ಓಡುತ್ತದೆ. ಹೊಸದಾಗಿ ಎಳೆಯುವುದಾದರೆ 6 ಹಾಕಿ, ಫ್ಲ್ಯಾಟಿನ ದೂರಕ್ಕೆ ಮುಂದೆ ಹತ್ತು ಗಿಗಾಬಿಟ್ ಬಂದರೂ ಅದು ಸಾಕು. ಕ್ಯಾಟ್ 8 ಎಂದು ಯಾರಾದರೂ ಮಾರಲು ಬಂದರೆ ಮುಗುಳ್ನಕ್ಕು ಮುಂದೆ ನಡೆಯಿರಿ, ಅದು ಸರ್ವರ್ ಕೋಣೆಗಳ ಸಾಮಾನು.

ಪ್ಲಗ್ ಕೊಳ್ಳುವಾಗ ಮಾತ್ರ ಅಂಕಿ ನೋಡಬೇಕು. ಕ್ಯಾಟ್ 6ರ ತಂತಿ ದಪ್ಪ, ಹಳೆಯ 5ಇ ಪ್ಲಗ್ಗಿನ ತೂತಿಗೆ ಹೋಗದೆ ಹಟ ಮಾಡುತ್ತದೆ. ಹೊಸಬರಿಗೆ ಪಾಸ್‌ಥ್ರೂ ಪ್ಲಗ್ ಒಳ್ಳೆಯದು. ತಂತಿಗಳು ಮೂತಿಯಿಂದ ಹೊರಗೆ ಬರುತ್ತವೆ, ಬಣ್ಣದ ಸಾಲು ಸರಿಯೇ ಎಂದು ನೋಡಿಯೇ ಒತ್ತಬಹುದು. ಆದರೆ ಅದಕ್ಕೆ ಬ್ಲೇಡ್ ಇರುವ ಬೇರೆ ಕ್ರಿಂಪರ್ ಬೇಕು. ಬ್ಲೇಡ್ ಮೊಂಡಾಗಿದ್ದರೆ ಕತ್ತರಿಸಿದ ತಾಮ್ರದ ತುದಿಗಳು ಒಂದಕ್ಕೊಂದು ತಾಗುತ್ತವೆ.

ಕೆಲಸ ಹೀಗೆ. ಎಲ್ಲಕ್ಕಿಂತ ಮೊದಲು ರಬ್ಬರಿನ ಟೋಪಿಯನ್ನು ಕೇಬಲಿಗೆ ತೂರಿಸಿ. ಪ್ಲಗ್ ಒತ್ತಿದ ಮೇಲೆ ನೆನಪಾದರೆ ಪ್ಲಗ್ ಕತ್ತರಿಸಿ ಬಿಸಾಡುವುದೊಂದೇ ದಾರಿ. ಇದನ್ನು ಎಷ್ಟು ಸಲ ಮಾಡಿದ್ದೇನೆ ಎಂದು ಕೇಳಬೇಡಿ. ಮೇಲಿನ ಸಿಪ್ಪೆಯನ್ನು ಮೂರು ಸೆಂಟಿಮೀಟರ್‌ನಷ್ಟು ಸುಲಿಯಿರಿ, ಒಳಗಿನ ತಂತಿಗೆ ಗಾಯವಾಗಬಾರದು. ಜೋಡಿ ಬಿಡಿಸಿ, ಬೆರಳಲ್ಲಿ ನೀವಿ ನೇರ ಮಾಡಿ, ಕ್ರಮದಲ್ಲಿ ಸಾಲು ಹಿಡಿಸಿ. ಸಾದಾ ಪ್ಲಗ್ಗಾದರೆ ಈಗ ಸುಮಾರು 13 ಮಿಲಿಮೀಟರ್ ಉಳಿಯುವಂತೆ ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಅದಕ್ಕಿಂತ ಹೆಚ್ಚು ಹೊಸೆತ ಬಿಚ್ಚಬಾರದು, ಬಿಚ್ಚಿದಷ್ಟು ಉದ್ದಕ್ಕೆ ಬೆಲ್ಲನ ಉಪಾಯ ಕೆಲಸ ಮಾಡುವುದಿಲ್ಲ. ಪ್ಲಗ್ಗಿನ ಚಿಮ್ಮುವ ನಾಲಿಗೆ ಕೆಳಗಿರಲಿ, ತೂತು ನಿಮ್ಮ ಕಡೆಗಿರಲಿ. ಆಗ ಎಡಗಡೆಯದು ಒಂದು. ತಂತಿಗಳು ಮೂತಿ ಮುಟ್ಟುವವರೆಗೆ ತಳ್ಳಿ. ಹೊರಸಿಪ್ಪೆಯೂ ಪ್ಲಗ್ಗಿನೊಳಗೆ ಬಂದಿದೆಯೇ ನೋಡಿ. ಬರದೆ ಒತ್ತಿದರೆ ಎಳೆದಾಗಲೆಲ್ಲ ಭಾರ ಬೀಳುವುದು ಆ ಎಂಟು ನರಗಳ ಮೇಲೆ. ಈಗ ಕ್ರಿಂಪರ್ ಒತ್ತಿ, ಪೂರ್ತಿ ಒತ್ತಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಒಂದಿದೆ. ಒಂದೆರಡು ಮೀಟರಿನ ಕೇಬಲನ್ನು ಮಾಡಲು ಹೋಗಬೇಡಿ, ಕಾರ್ಖಾನೆಯದು ಕೊಳ್ಳಿ. ನಾವೇ ಮಾಡಬೇಕಾದದ್ದು ಉದ್ದದ ಓಟವನ್ನು. ಪೈಪಿನೊಳಗೆ, ಟ್ರಂಕಿಂಗಿನೊಳಗೆ ಪ್ಲಗ್ ಇರುವ ಕೇಬಲ್ ತೂರುವುದಿಲ್ಲ, ಬರಿಯ ತಂತಿ ಎಳೆದು ಆಮೇಲೆ ತುದಿ ಕಟ್ಟಬೇಕು. ಆ ತುದಿಗೂ ಪ್ಲಗ್ಗಿಗಿಂತ ಸಾಕೆಟ್ ಒಳ್ಳೆಯದು. ಗೋಡೆಯ ಕೇಬಲಿನ ತಂತಿ ಒಂದೇ ಗಟ್ಟಿ ಎಳೆಯದು, ಮತ್ತೆ ಮತ್ತೆ ಬಗ್ಗಿಸಿದರೆ ಒಡೆಯುತ್ತದೆ. ಸಾಕೆಟಿನಲ್ಲಿ ಅದು ಅಲುಗಾಡದೆ ಕೂರುತ್ತದೆ. ತಂತಿಯನ್ನು ಬಣ್ಣದ ಗುರುತಿನ ಸೀಳಿನಲ್ಲಿಟ್ಟು ಪಂಚ್ ಡೌನ್ ಟೂಲಿನಿಂದ ಟಕ್ ಎಂದು ಒತ್ತಿದರಾಯಿತು. ನಿಜ ಹೇಳಬೇಕೆಂದರೆ ಪ್ಲಗ್ಗಿಗಿಂತ ಇದೇ ಸುಲಭ.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕನ ಒಪ್ಪಿಗೆ ಬೇಕು, ಬರಹದಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಡೆಪಾಸಿಟ್ಟಿಗೆ ಕತ್ತರಿ. ಅಂಟಿಸುವ ಪ್ಲಾಸ್ಟಿಕ್ ಟ್ರಂಕಿಂಗನ್ನು ಸ್ಕರ್ಟಿಂಗಿನ ಮೇಲಂಚಿಗೆ ಓಡಿಸಿದರೆ ಬಿಳಿ ಗೋಡೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಮೂಲೆಯಲ್ಲಿ ಕೇಬಲನ್ನು ಮಡಚಬೇಡಿ, ಅದರ ದಪ್ಪದ ನಾಲ್ಕು ಪಟ್ಟಿನಷ್ಟಾದರೂ ದುಂಡಗೆ ತಿರುಗಲಿ. ಕರೆಂಟಿನ ಪೈಪಿನಲ್ಲಿ ಜಾಗ ಇದೆ ಎಂದು ಅಲ್ಲಿ ತೂರಿಸುವ ಆಸೆ ಬಂದರೆ ಕೈ ಬಿಡಿ. ಅಲ್ಲಿ ಓಡುವುದು 230 ವೋಲ್ಟ್, ಒಂದು ಕಡೆ ಸಿಪ್ಪೆ ಸವೆದರೂ ಅದು ಮಗುವಿನ ಲ್ಯಾಪ್‌ಟಾಪಿಗೆ ಬರುತ್ತದೆ. ಕೇಬಲ್ ನಿಮ್ಮ ಬಾಗಿಲು ದಾಟಿ ಪಕ್ಕದ ಫ್ಲ್ಯಾಟಿಗೆ ಹೋಗುವುದೂ ಬೇಡ. ಬಿಲ್ ಹಂಚಿಕೊಳ್ಳುವ ಲೆಕ್ಕಾಚಾರ ನಮ್ಮವರಲ್ಲಿ ಸಹಜ, ಆದರೆ ಒಂದು ಮನೆಯ ಸಂಪರ್ಕವನ್ನು ಇನ್ನೊಂದಕ್ಕೆ ಹಂಚಲು ಇಲ್ಲಿ ಅನುಮತಿ ಇಲ್ಲ.

ಕೊನೆಗೆ ಪರೀಕ್ಷೆ. ದೀಪದ ಟೆಸ್ಟರ್ ಹಾಕಿ, ಆದರೆ ಅದಕ್ಕೇ ನಿಲ್ಲಿಸಬೇಡಿ. ಲ್ಯಾಪ್‌ಟಾಪಿನ ವೈಫೈ ಆರಿಸಿ, ಕೇಬಲ್ ಚುಚ್ಚಿ, ಈಥರ್‌ನೆಟ್ ಸೆಟ್ಟಿಂಗಿನಲ್ಲಿ ಲಿಂಕ್ ವೇಗ ಎಷ್ಟಿದೆ ನೋಡಿ. 1000 ಎಂದಿದ್ದರೆ ನಾಲ್ಕೂ ಜೋಡಿ ಕೆಲಸ ಮಾಡುತ್ತಿವೆ. ರೌಟರೂ ಲ್ಯಾಪ್‌ಟಾಪೂ ಗಿಗಾಬಿಟ್‌ನವು ಆಗಿದ್ದೂ 100 ಎಂದು ತೋರಿಸಿದರೆ ನೀಲಿ ಅಥವಾ ಕಂದು ಜೋಡಿಯಲ್ಲಿ ಯಾವುದೋ ತಂತಿ ಮುಟ್ಟಿಲ್ಲ ಎಂದೇ ಮೊದಲು ಅನುಮಾನಿಸಿ. ನೂರರ ವೇಗಕ್ಕೆ 1, 2, 3, 6 ಈ ನಾಲ್ಕೇ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಆಮೇಲೆ ಕೇಬಲಿನಲ್ಲಿರುವ ಎರಡು ಕಂಪ್ಯೂಟರುಗಳ ನಡುವೆ ಒಂದು ಜಿಬಿಯ ಫೈಲ್ ಕಳಿಸಿ ನೋಡಿ. ಗಿಗಾಬಿಟ್ಟಿನಲ್ಲಿ ಹತ್ತು ಸೆಕೆಂಡಿನ ಆಸುಪಾಸು, ನೂರರಲ್ಲಿ ಒಂದೂವರೆ ನಿಮಿಷ. ನನ್ನ ಹಳೆಯ ಕೇಬಲ್ ಈ ಪರೀಕ್ಷೆಯಲ್ಲಿ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಆ ಪುತ್ತೂರಿನ ಹುಡುಗ ಎರಡೂ ತುದಿ ಕತ್ತರಿಸಿ ಹತ್ತು ನಿಮಿಷದಲ್ಲಿ ಮತ್ತೆ ಕಟ್ಟಿಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ, ನೀರುದೋಸೆ ತಿಂದು ಹೋದ. ಮರುದಿನ ಬೆಳಗ್ಗೆ ಮಗಳು "ಪ್ರೆಸೆಂಟ್" ಎಂದದ್ದಕ್ಕೆ ಟೀಚರ್ "ಅಷ್ಟು ಜೋರಾಗಿ ಬೇಡ" ಅಂದರು. ಎರಡು ತಿಂಗಳ ಅಭ್ಯಾಸ, ಪಾಪ, ಕೂಗಿಯೇ ಹೇಳುತ್ತಿದ್ದಳು.

ಮನೆ ಖಾಲಿ ಮಾಡುವಾಗಿನ ಒಂದು ಮಾತು ಬಾಕಿ ಇದೆ. ಟ್ರಂಕಿಂಗನ್ನು ಕಿತ್ತೆಳೆದರೆ ಬಣ್ಣವೂ ಜೊತೆಗೇ ಬರುತ್ತದೆ. ಕೂದಲು ಒಣಗಿಸುವ ಡ್ರೈಯರಿನಿಂದ ಅಂಟನ್ನು ಬೆಚ್ಚಗೆ ಮಾಡುತ್ತಾ ನಿಧಾನಕ್ಕೆ ಬಿಡಿಸಿ. ಕೇಬಲನ್ನು ಸುರುಳಿ ಸುತ್ತಿ ತೆಗೆದುಕೊಂಡು ಹೋಗಿ, ತಾಮ್ರದ್ದಾದರೆ ಮುಂದಿನ ಮನೆಗೂ ಆಗುತ್ತದೆ.